ಎಂಜಿನ್ನಿನ ಥ್ರೆಡ್ ಹೋದರೆ ಏನು ಮಾಡಬೇಕು?

ಮುಂಗಾರಿಗೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸಲು ನಮಗೆ ದೊರೆಯುವುದು ಕೆಲವೇ ಒಣ ದಿನಗಳು. ಅಡಿಕೆಯ ಕೊಳೆರೋಗಕ್ಕಾಗಲಿ ಕಾಫಿಯ ಎಲೆತುಕ್ಕು ರೋಗಕ್ಕಾಗಲಿ ಈ ಮೊದಲ ಸಿಂಪಡಣೆಯೇ ಮುಖ್ಯವೆಂಬುದು ಸದಸ್ಯರಿಗೆಲ್ಲ ತಿಳಿದ ವಿಷಯ. ಅಂಥ ಹೊತ್ತಿನಲ್ಲಿ ಸ್ಪ್ರೇಯರಿನ ಎಂಜಿನ್ ಒಂದು ಬೋಲ್ಟಿನ ದೆಸೆಯಿಂದ ನಿಂತುಬಿಟ್ಟರೆ ಮಳೆಯೂ ಕಾಯುವುದಿಲ್ಲ, ಮರ ಹತ್ತುವ ಆಳೂ ಕಾಯುವುದಿಲ್ಲ. ಆದ್ದರಿಂದ ಈ ರಿಪೇರಿಯ ಕ್ರಮವನ್ನು ಇಲ್ಲಿ ವಿವರಿಸಿದೆ.

ಸಣ್ಣ ಎಂಜಿನ್ನುಗಳ ಹೆಡ್ಡು, ಕ್ರ್ಯಾಂಕ್ ಕೇಸು ಮೊದಲಾದವು ಅಲ್ಯೂಮಿನಿಯಮ್ ಎರಕದವು. ಬೋಲ್ಟು ಮಾತ್ರ ಉಕ್ಕಿನದು. ಮೆತ್ತಗಿನ ಲೋಹದೊಳಗೆ ಗಟ್ಟಿ ಲೋಹ ತಿರುಗಿದಾಗ ಸವೆಯುವುದು ಮೆತ್ತಗಿನದೇ. ಅತಿಯಾಗಿ ಬಿಗಿಯುವುದು, ಬೋಲ್ಟನ್ನು ಓರೆಯಾಗಿ ಕೂರಿಸಿ ತಿರುಗಿಸುವುದು, ಎಂಜಿನ್ ಕಾದಿರುವಾಗಲೇ ಪ್ಲಗ್ ಬಿಚ್ಚುವುದು ಸಾಮಾನ್ಯ ಕಾರಣಗಳು. ನಮ್ಮಲ್ಲಿ ಇನ್ನೊಂದುಂಟು. ಬೋರ್ಡೋ ದ್ರಾವಣದ ಮೈಲುತುತ್ತ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಅದು ಬೋಲ್ಟಿನ ಸಂದಿಗೆ ಇಳಿದು ತೇವದಲ್ಲಿ ಕುಳಿತರೆ ಎರಡು ಲೋಹಗಳೂ ಕಚ್ಚಿಕೊಳ್ಳುತ್ತವೆ. ಬಿಚ್ಚುವಾಗ ಥ್ರೆಡ್ ಕಿತ್ತುಕೊಂಡೇ ಬರುತ್ತದೆ.

ಬೋಲ್ಟು ತಿರುಗುತ್ತಲೇ ಇದ್ದು ಬಿಗಿಯಾಗದಿದ್ದರೆ, ಅಥವಾ ಅದರ ಸಂದಿನಲ್ಲಿ ಬೆಳ್ಳಿಯ ತಂತಿಯಂತಹ ಚೂರು ಸಿಕ್ಕಿಕೊಂಡಿದ್ದರೆ ಥ್ರೆಡ್ ಹೋಯಿತೆಂದು ತಿಳಿಯಬೇಕು. ಪ್ಲಗ್ಗಿನ ಸುತ್ತ 'ಸುಸ್' ಎಂದು ಗಾಳಿ ಬರುವುದು, ಕಪ್ಪು ಎಣ್ಣೆ ಕಾಣುವುದು ಕೂಡ ಅದೇ ಸೂಚನೆ.

ಆಗ ಕೆಲವರು ಬೋಲ್ಟಿಗೆ ನೂಲು ಸುತ್ತುತ್ತಾರೆ, ಇನ್ನು ಕೆಲವರು ಅಂಟು ಮೆತ್ತುತ್ತಾರೆ, ದಪ್ಪ ಬೋಲ್ಟನ್ನು ಬಲವಂತವಾಗಿ ತುರುಕುವವರೂ ಇದ್ದಾರೆ. ಕಾವು, ಅದುರು, ಒತ್ತಡ ಮೂರೂ ಸೇರುವ ಜಾಗದಲ್ಲಿ ಇವು ನಿಲ್ಲುವುದಿಲ್ಲ. ಬಲವಂತ ಮಾಡಿದರೆ ಎರಕವೇ ಬಿರಿಯಬಹುದು. ಸಡಿಲಾದ ಪ್ಲಗ್ ಸಿಡಿದು ಹೊರಬಿದ್ದರೆ ಸ್ಪ್ರೇಯರನ್ನು ಬೆನ್ನಿಗೆ ಹೊತ್ತವನಿಗೆ ಅಪಾಯ.

ಸರಿಯಾದ ಉಪಾಯವೆಂದರೆ ಹೊಸ ಉಕ್ಕಿನ ಥ್ರೆಡ್ ಕೂರಿಸುವುದು. ಸ್ಪ್ರಿಂಗಿನಂತೆ ಸುತ್ತಿದ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿಗೆ ಹೆಲಿಕಾಯಿಲ್ ಎಂಬ ಹೆಸರು ಬಳಕೆಯಲ್ಲಿದೆ. ಕ್ರಮ ಹೀಗಿದೆ:

1. ಸೆಟ್ಟಿನಲ್ಲಿ ಹೇಳಿದ ಡ್ರಿಲ್ಲಿನಿಂದ ಹಳೆಯ ರಂಧ್ರವನ್ನು ನೇರವಾಗಿ ಕೊರೆಯಬೇಕು. 6 ಮಿ.ಮೀ. ಬೋಲ್ಟಿಗೆ ಸುಮಾರು 6.3 ಮಿ.ಮೀ., 8ಕ್ಕೆ ಸುಮಾರು 8.4 ಮಿ.ಮೀ. ತಳ ಮುಚ್ಚಿದ ರಂಧ್ರವಾದರೆ ಆಳ ತಪ್ಪದಂತೆ ಡ್ರಿಲ್ಲಿಗೆ ಪಟ್ಟಿ ಸುತ್ತಿ ಗುರುತು ಮಾಡಿಕೊಳ್ಳಿ.

2. ಸುರುಳಿಗೆಂದೇ ಬರುವ ಟ್ಯಾಪಿನಿಂದ ಥ್ರೆಡ್ ಕತ್ತರಿಸಬೇಕು. ಸಾಮಾನ್ಯ ಟ್ಯಾಪು ಇದಕ್ಕೆ ಆಗದು. ಸೀಮೆಎಣ್ಣೆ ಹಾಕುತ್ತ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋಗಿ. ಚೂರುಗಳನ್ನೆಲ್ಲ ತೆಗೆದು ಒರೆಸಿ.

3. ಸುರುಳಿಯನ್ನು ಅದರ ಸಾಧನಕ್ಕೆ ಸಿಕ್ಕಿಸಿ, ಒತ್ತದೆ ತಿರುಗಿಸುತ್ತ ಇಳಿಸಿ. ಅದರ ತುದಿ ಮೇಲ್ಮೈಗಿಂತ ಕಾಲರಿಂದ ಅರ್ಧ ಸುತ್ತು ಕೆಳಗೆ ನಿಲ್ಲಬೇಕು.

4. ತಳದಲ್ಲಿ ಅಡ್ಡಲಾಗಿರುವ ಚಿಕ್ಕ ನಾಲಿಗೆಯನ್ನು ಮುರಿದು ಹೊರತೆಗೆಯಿರಿ. ಅದನ್ನು ಎಂಜಿನ್ನಿನೊಳಗೆ ಬೀಳಗೊಡಬಾರದು.

ಹೀಗೆ ಕೂರಿಸಿದ ಥ್ರೆಡ್ ಮೊದಲಿನದಕ್ಕಿಂತಲೂ ಗಟ್ಟಿ. ಸುರುಳಿಯ ಹೊರಸುತ್ತು ಬೋಲ್ಟಿಗಿಂತ ದೊಡ್ಡದಾದ್ದರಿಂದ ಭಾರ ಹೆಚ್ಚು ಅಲ್ಯೂಮಿನಿಯಮ್ಮಿನ ಮೇಲೆ ಹಂಚಿಹೋಗುತ್ತದೆ. ಬಿಚ್ಚಿ ಹಾಕುವಾಗಿನ ಉಜ್ಜಾಟವೆಲ್ಲ ಉಕ್ಕಿನ ಮೇಲೆಯೇ ಬೀಳುತ್ತದೆ.

ಸ್ಪಾರ್ಕ್ ಪ್ಲಗ್ಗಿನ ರಂಧ್ರಕ್ಕೆ ಸುರುಳಿಗಿಂತ ಗಟ್ಟಿ ಉಕ್ಕಿನ ಬುಷ್ ಮೇಲು, ಏಕೆಂದರೆ ಪ್ಲಗ್ಗನ್ನು ಮತ್ತೆ ಮತ್ತೆ ಬಿಚ್ಚುವಾಗ ಸುರುಳಿಯೂ ಜೊತೆಯಲ್ಲೇ ಬರುವುದುಂಟು. ಈ ಕೆಲಸಕ್ಕೆ ಹೆಡ್ಡನ್ನು ಬಿಚ್ಚಿಯೇ ಕೊರೆಯಿರಿ. ಹೆಡ್ಡು ಸಿಲಿಂಡರಿನೊಂದಿಗೆ ಒಂದಾಗಿರುವ ಎಂಜಿನ್ನಾದರೆ ಸಿಲಿಂಡರನ್ನೇ ಕಳಚಬೇಕು. ಒಳಗೆ ಬಿದ್ದ ಒಂದು ಚೂರು ಸಿಲಿಂಡರನ್ನು ಗೀರಿ ಹಾಳುಮಾಡಬಲ್ಲದು. ಕೈಪಳಗದವರು ಇದನ್ನು ಲೇಥ್ ಇರುವ ವರ್ಕ್‌ಶಾಪಿಗೆ ಕೊಡುವುದು ಲೇಸು. ಎರಕ ಬಿರಿದಿದ್ದರೆ, ರಂಧ್ರದ ಅಂಚು ತೆಳುವಾಗಿದ್ದರೆ, ಅಥವಾ ಕೆಟ್ಟದ್ದು ಕನೆಕ್ಟಿಂಗ್ ರಾಡಿನ ಥ್ರೆಡ್ಡಾಗಿದ್ದರೆ ರಿಪೇರಿಯ ಆಸೆ ಬಿಟ್ಟು ಭಾಗವನ್ನೇ ಬದಲಿಸಿ.

ಕೆಡದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಸಿಂಪಡಣೆಯ ದಿನ ಸಂಜೆ, ಎಂಜಿನ್ ತಣಿದ ಮೇಲೆ ಹೊರಮೈಯನ್ನು ಒಳ್ಳೆಯ ನೀರಿನಲ್ಲಿ ಒರೆಸಿ ಒಣಗಿಸಿ. ಯಾವ ಬೋಲ್ಟನ್ನಾದರೂ ಮೊದಲ ಮೂರು ನಾಲ್ಕು ಸುತ್ತು ಕೈಯಿಂದಲೇ ತಿರುಗಿಸಿ. ತಡೆದರೆ ಬಿಚ್ಚಿ ಮತ್ತೆ ಕೂರಿಸಿ. ಕೈಪಿಡಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ಅಲ್ಯೂಮಿನಿಯಮ್ಮಿನಲ್ಲಿ 6 ಮಿ.ಮೀ. ಬೋಲ್ಟಿಗೆ ಸುಮಾರು 1 ಕೆ.ಜಿ.-ಮೀಟರ್ ಬಿಗಿತ ಸಾಕು. ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್ಗನ್ನು ಕೈಯಲ್ಲಿ ಬಿಗಿಯಾದ ಮೇಲೆ ಸುಮಾರು ಅರ್ಧ ಸುತ್ತು ತಿರುಗಿಸಬೇಕು. ಹಳೆಯದಕ್ಕೆ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು.

6 ಮತ್ತು 8 ಮಿ.ಮೀ. ಸುರುಳಿಗಳ ಒಂದು ಸೆಟ್ಟನ್ನು ನಾಲ್ಕಾರು ತೋಟದವರು ಸೇರಿ ಕೊಂಡಿಟ್ಟರೂ ಸಾಲುತ್ತದೆ. ಸದಸ್ಯರು ತಮ್ಮ ಎಂಜಿನ್ನುಗಳ ಬೋಲ್ಟುಗಳನ್ನು ಏಪ್ರಿಲ್ ತಿಂಗಳಲ್ಲಿಯೇ ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ವಿನಂತಿ. ಆಗ ಸಿಕ್ಕಿದ ದೋಷಕ್ಕೆ ಅರ್ಧ ದಿನ ಸಾಕು. ಜೂನಿನಲ್ಲಿ ಸಿಕ್ಕಿದರೆ ಒಂದು ಸಿಂಪಡಣೆಯೇ ತಪ್ಪೀತು.

— ಕಾರ್ಯದರ್ಶಿ