ಬಾಗಿಲ ಗೀರು, ಬಾನೆಟ್ಟಿನ ಚಕ್ಕೆ

ಅಡರಕಟ್ಟಿಯಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಗದಗಿಗೆ ದಿನಾ ಓಡಾಡುವ ಕಾರುಗಳ ಮೈಮೇಲೆ ಎರಡು ಬಗೆಯ ಗಾಯ ಕಾಣಸಿಗುತ್ತವೆ. ಹೊಲದ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಬಾಗಿಲುದ್ದಕ್ಕೂ ಎಳೆದ ಬಿಳಿ ಗೀರು ಒಂದು. ಟಿಪ್ಪರಿನಿಂದ ಸಿಡಿದ ಖಡಿಯ ಹರಳು ಬಾನೆಟ್ಟಿಗೆ ಬಡಿದು ಎಬ್ಬಿಸಿದ ಸಾಸಿವೆಕಾಳಿನಷ್ಟು ಚಕ್ಕೆ ಇನ್ನೊಂದು. ಮಾಲೀಕರು ಗೀರಿಗೆ ಮರುಗುತ್ತಾರೆ, ಚಕ್ಕೆಯನ್ನು ಮರೆತುಬಿಡುತ್ತಾರೆ. ತಗಡಿನ ಆಯುಷ್ಯ ಕಳೆಯುವುದು ಮಾತ್ರ ಆ ಚಕ್ಕೆಯೇ.

ಕಾರಿನ ಬಣ್ಣದ ಒಟ್ಟು ದಪ್ಪ ಸುಮಾರು 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್ ಆಸುಪಾಸು. ಅಷ್ಟರಲ್ಲೇ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದಿಗೊಂದಿಗೂ ಅಂಟುವಂತೆ ಕೂರಿಸಿದ ತುಕ್ಕುನಿರೋಧಕ ಲೇಪ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಪ್ರೈಮರ್. ನಾವು ಕೆಂಪು, ನೀಲಿ ಎಂದು ಆರಿಸಿಕೊಳ್ಳುವ ಬೇಸ್ ಕೋಟ್ ಅದಕ್ಕೂ ಮೇಲೆ, ಬರೀ 15 ಮೈಕ್ರಾನಿನಷ್ಟು. ಎಲ್ಲಕ್ಕೂ ಮೇಲಿನದು ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್, ಸುಮಾರು 40 ಮೈಕ್ರಾನ್. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಬಣ್ಣ ಮಾಸದಂತೆ ಕಾಯುವುದು ಇದೇ.

ಮುಳ್ಳಿನ ಗೀರು ಬಹುಮಟ್ಟಿಗೆ ಈ ಕ್ಲಿಯರ್ ಕೋಟಿನೊಳಗೇ ನಿಂತುಬಿಡುತ್ತದೆ. ಹಾಗಾದರೆ ಕಪ್ಪು ಕಾರಿನ ಮೇಲೂ ಅದು ಬೆಳ್ಳಗೆ ಕಾಣುವುದೇಕೆ? ನುಣುಪು ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಗೀರಿನ ಒರಟು ಅಂಚುಗಳು ಅದನ್ನು ನಾಲ್ಕೂ ಕಡೆ ಚದುರಿಸುತ್ತವೆ. ಗೀರಿನ ಮೇಲೆ ನಾಲ್ಕು ಹನಿ ನೀರು ಸವರಿ ನೋಡಿ. ನೀರು ಬೆಳಕನ್ನು ಬಾಗಿಸುವ ಪ್ರಮಾಣ ಗಾಳಿಗಿಂತ ಕ್ಲಿಯರ್ ಕೋಟಿಗೆ ಹತ್ತಿರ. ಹಾಗಾಗಿ ಚದುರುವಿಕೆ ತಗ್ಗಿ, ಮೇಲ್ಪದರದ ಗೀರು ಒದ್ದೆ ಇರುವಷ್ಟು ಹೊತ್ತು ಮಾಯವಾಗುತ್ತದೆ. ಮಾಯವಾದರೆ ರಬ್ಬಿಂಗ್ ಕಾಂಪೌಂಡ್ ಸಾಕು. ಒದ್ದೆಯಲ್ಲೂ ಕಂಡರೆ, ಅಡ್ಡ ಎಳೆದ ಉಗುರಿಗೆ ಸಿಕ್ಕಿಕೊಂಡರೆ, ಗಾಯ ಆಳವಾಗಿದೆ.

ಕಾಂಪೌಂಡ್ ಗೀರನ್ನು ತುಂಬುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ಮಾಡುವುದು ಸುತ್ತಲಿನ ಕ್ಲಿಯರ್ ಕೋಟನ್ನು ತೇಯ್ದು ಗೀರಿನ ಮಟ್ಟಕ್ಕೆ ಇಳಿಸುವ ಕೆಲಸ. ಪ್ರತಿ ಸಲ ಉಜ್ಜಿದಾಗಲೂ ಆ 40 ಮೈಕ್ರಾನಿನಲ್ಲಿ ಒಂದಿಷ್ಟು ಖರ್ಚಾಗುತ್ತದೆ. ಹಬ್ಬಕ್ಕೊಮ್ಮೆ ಇಡೀ ಗಾಡಿಗೆ ಕಾಂಪೌಂಡ್ ಹಾಕಿಸುವುದನ್ನು ದಯವಿಟ್ಟು ಬಿಡಿ. ಧೂಳನ್ನು ಒಣ ಬಟ್ಟೆಯಿಂದ ಒರೆಸುವುದನ್ನೂ ಬಿಡಿ: ಮರಳಿನ ಕಣಗಳಲ್ಲಿರುವ ಸ್ಫಟಿಕಶಿಲೆ ಬಣ್ಣಕ್ಕಿಂತ ಎಷ್ಟೋ ಪಟ್ಟು ಗಡಸು. ಮೊದಲು ನೀರು ಸುರಿದು ಧೂಳು ಇಳಿಸಬೇಕು. ಸವಳು ನೀರಾದರೆ ಮೈಮೇಲೆ ಒಣಗಲು ಬಿಡದೆ ಒರೆಸಬೇಕು.

ಇನ್ನು ಚಕ್ಕೆ. ವೇಗ ಇಮ್ಮಡಿಯಾದರೆ ಹರಳಿನ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಟಣ್ ಎಂದು ಹಾರಿಹೋಗುವ ಹರಳು 80ರಲ್ಲಿ ನಾಲ್ಕೂ ಪದರ ಸೀಳಿ ತಗಡು ಮುಟ್ಟಬಲ್ಲದು. ಬಂಪರಿನ ಚಕ್ಕೆಗೆ ಹೆದರಬೇಕಿಲ್ಲ. ಈಗಿನ ಬಂಪರುಗಳು ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ. ಬಾನೆಟ್, ಚಾವಣಿಯ ಮುಂದಂಚು, ಚಕ್ರದ ಮೇಲಿನ ಕಮಾನು, ಇವನ್ನು ಕಣ್ಣಿಟ್ಟು ನೋಡಬೇಕು.

ಚಕ್ಕೆ ಎದ್ದಲ್ಲಿ ತುಕ್ಕು ಹಿಡಿಯುವುದೇಕೆ? ನಮ್ಮ ಕಡೆಯ ಕಪ್ಪತಗುಡ್ಡದ ಕಲ್ಲುಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಅಂಥ ಅದಿರನ್ನೇ ಕಾಯಿಸಿ, ಆಮ್ಲಜನಕ ಬಿಡಿಸಿ ಉಕ್ಕು ಮಾಡುತ್ತೇವೆ. ನೀರು, ಗಾಳಿ ಸಿಕ್ಕರೆ ಉಕ್ಕು ಮತ್ತೆ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪಕ್ಕದ ಗಟ್ಟಿ ಬಣ್ಣವನ್ನೂ ಒಳಗಿನಿಂದ ಎತ್ತುತ್ತ ಹರಡುತ್ತದೆ. ತಗಡಿಗೆ ಸತುವಿನ ಲೇಪವಿದ್ದರೆ ಸತು ಮೊದಲು ಸವೆದು ಕಬ್ಬಿಣವನ್ನು ಕೆಲಕಾಲ ಕಾಯುತ್ತದೆ, ಎಂದೆಂದಿಗೂ ಅಲ್ಲ. ಉಪ್ಪು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ನಮ್ಮ ಕಡೆ ಸಮುದ್ರವಿಲ್ಲ ನಿಜ, ಆದರೆ ಡಿಕ್ಕಿಯಲ್ಲಿ ತರುವ ಪೊಟ್ಯಾಷ್ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪೇ. ಚೆಲ್ಲಿದ್ದನ್ನು ಅಂದೇ ಗುಡಿಸಿ ತೆಗೆಯಬೇಕು.

ಹೊಸ ಚಕ್ಕೆಗೆ ಮನೆಯಲ್ಲೇ ಮದ್ದು ಮಾಡಬಹುದು. ಬಣ್ಣದ ಸಂಕೇತ ಸಂಖ್ಯೆ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನಲ್ಲೋ ಎಂಜಿನ್ ಕೋಣೆಯಲ್ಲೋ ಇರುವ ಪಟ್ಟಿಯಲ್ಲಿರುತ್ತದೆ. ಅದನ್ನು ತೋರಿಸಿ ಟಚ್‌ಅಪ್ ಬಣ್ಣ ತನ್ನಿ. ತಂಪು ಹೊತ್ತಿನಲ್ಲಿ, ನೆರಳಿನಲ್ಲಿ ಕೆಲಸ ಹಿಡಿಯಿರಿ. ಕಾದ ತಗಡಿನ ಮೇಲೆ ಬಣ್ಣದ ಮೇಲ್ಭಾಗ ಮೊದಲು ಕೆನೆಗಟ್ಟಿ ಒಳಗಿನ ಥಿನ್ನರ್ ಸಿಕ್ಕಿಬೀಳುತ್ತದೆ. ಸೋಪುನೀರಿನಿಂದ ತೊಳೆದು, ಮೇಣ, ಜಿಡ್ಡು ತೆಗೆದು, ತುಕ್ಕಿನ ಎಳೆ ಇದ್ದರೆ ವಾಟರ್ ಪೇಪರಿನ ಚೂರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಹಲ್ಲುಕಡ್ಡಿಯ ತುದಿಯಲ್ಲಿ ಪ್ರೈಮರ್ ಇಟ್ಟು, ಒಣಗಿದ ಮೇಲೆ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಇಡಿ. ಥಿನ್ನರ್ ಆರಿದಂತೆ ಬಣ್ಣ ಕುಗ್ಗುವುದರಿಂದ ಒಂದೇ ಸಲ ದಪ್ಪಗೆ ಹಚ್ಚಿದರೆ ಗುಳಿ ಬೀಳುತ್ತದೆ. ಕೊನೆಗೆ ಕ್ಲಿಯರ್ ಕೋಟ್. ಕೆಲವು ದಿನ ಬಿಟ್ಟು 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ಉಬ್ಬಿದ ಚುಕ್ಕೆಯನ್ನಷ್ಟೇ ಹಗುರಾಗಿ ತೇಯ್ದು ಪಾಲಿಶ್ ಮಾಡಿ.

ಮೆಟಾಲಿಕ್ ಬಣ್ಣವಾದರೆ ಚುಕ್ಕೆ ಪೂರ್ತಿ ಮರೆಯಾಗದು. ಸ್ಪ್ರೇ ಮಾಡಿದಾಗ ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಮಟ್ಟಸವಾಗಿ ಮಲಗುತ್ತವೆ. ಕಡ್ಡಿಯಿಂದ ಇಟ್ಟಾಗ ಅಡ್ಡಾದಿಡ್ಡಿಯಾಗಿ ನಿಂತು, ನೋಡುವ ಕೋನ ಬದಲಾದಂತೆ ಬೇರೆ ಛಾಯೆ ತೋರಿಸುತ್ತವೆ. ಅದಕ್ಕಾಗಿ ಬೇಸರ ಬೇಡ, ತಗಡಿಗೆ ರಕ್ಷಣೆ ಸಿಕ್ಕಿರುತ್ತದೆ. ಚಕ್ಕೆಯ ಸುತ್ತ ಬಣ್ಣ ಆಗಲೇ ಗುಳ್ಳೆಯೆದ್ದಿದ್ದರೆ ಮಾತ್ರ ಮನೆಮದ್ದು ಸಾಲದು. ಗುಳ್ಳೆಯ ಅಂಚು ದಾಟಿ ಗಟ್ಟಿ ಬಣ್ಣ ಸಿಗುವವರೆಗೂ ಬಿಡಿಸಿ ಹೊಸದಾಗಿ ಪದರ ಕಟ್ಟಬೇಕು, ಅದಕ್ಕೆ ಪೇಂಟರನ ಕೈಯೇ ಬೇಕು.