ಹೈಪರ್‌ಸಾನಿಕ್ ವಿಮಾನ: ಲೆಕ್ಕ ಬೇರೆ ಬೇರೆ ಮಾಡಿದರೆ ಯಾಕೆ ಸಾಲದು?

ಗಲ್ಫ್‌ಗೆ ಹೋಗುವ ಪ್ರಯಾಣಿಕ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಶಬ್ದದ ವೇಗದ ಐದು ಪಟ್ಟು, ಅಂದರೆ ಗಂಟೆಗೆ 5,000 ಕಿ.ಮೀ.ಗಿಂತಲೂ ಹೆಚ್ಚು ವೇಗದಲ್ಲಿ ಹಾರುವುದಕ್ಕೆ ಹೈಪರ್‌ಸಾನಿಕ್ ಅಂತಾರೆ. ಈ ವೇಗದಲ್ಲಿ ವಿಮಾನದ ದೊಡ್ಡ ಶತ್ರು ಅಂದರೆ ಶಾಖ.

1967ರ ಅಕ್ಟೋಬರ್ 3ರಂದು ಅಮೆರಿಕದ ಪೈಲಟ್ ವಿಲಿಯಂ ನೈಟ್ ಎಕ್ಸ್-15 ರಾಕೆಟ್ ವಿಮಾನವನ್ನು ಗಂಟೆಗೆ 7,274 ಕಿ.ಮೀ. ವೇಗಕ್ಕೆ ಏರಿಸಿದರು. ವಿಮಾನದ ಅಡಿಯಲ್ಲಿ ಪರೀಕ್ಷೆಗೆಂದು ಒಂದು ಡಮ್ಮಿ ಎಂಜಿನ್ ಕಟ್ಟಲಾಗಿತ್ತು. ಅದರಿಂದ ಎದ್ದ ಆಘಾತ ತರಂಗ, ಅದನ್ನು ಹಿಡಿದಿದ್ದ ಆಧಾರಕ್ಕೇ ಬಡಿಯಿತು. ಬಡಿದ ಜಾಗದಲ್ಲಿ ಶಾಖ ವಿಪರೀತ ಏರಿ ಲೋಹ ತೂತಾಯಿತು. ಎಂಜಿನ್ ಕಳಚಿ ಬಿತ್ತು. ನೈಟ್ ಸುರಕ್ಷಿತವಾಗಿ ಇಳಿದರು. ಆದರೆ ಆ ವಿಮಾನ ಮತ್ತೆಂದೂ ಹಾರಲಿಲ್ಲ.

ಇದರಿಂದ ಸಿಗುವ ಪಾಠ ಏನು? ಹೈಪರ್‌ಸಾನಿಕ್ ವೇಗದಲ್ಲಿ ಗಾಳಿ, ಶಾಖ, ಲೋಹ, ಎಂಜಿನ್ ಯಾವುದೂ ಬಿಡಿಬಿಡಿ ಅಲ್ಲ. ಗಾಳಿ ಒತ್ತಿ ಶಾಖ ಹುಟ್ಟುತ್ತದೆ. ಶಾಖಕ್ಕೆ ಲೋಹ ಹಿಗ್ಗಿ ಬಾಗುತ್ತದೆ. ಆಕಾರ ಸ್ವಲ್ಪ ಬದಲಾದರೂ ಗಾಳಿ ಹರಿಯುವ ದಾರಿ ಬದಲಾಗುತ್ತದೆ. ಎಂಜಿನ್ ಒಳಗೆ ಹೋಗುವ ಗಾಳಿ ಹೆಚ್ಚು ಕಡಿಮೆಯಾದರೆ ಶಕ್ತಿಯೂ ಹೆಚ್ಚು ಕಡಿಮೆ. ಆಗ ವಿಮಾನದ ಮೂತಿ ಏರುತ್ತದೆ ಅಥವಾ ಇಳಿಯುತ್ತದೆ. ಗಾಳಿಯ ಲೆಕ್ಕ ಮತ್ತೆ ಮೊದಲಿಂದ ಶುರು.

ಹಾಗಾಗಿ ಇಂದು ಎಂಜಿನಿಯರ್‌ಗಳು ಕಂಪ್ಯೂಟರ್‌ನಲ್ಲಿ ಈ ಎಲ್ಲ ಲೆಕ್ಕಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಇದಕ್ಕೆ ಬಹುವಿಷಯಕ ಸಿಮ್ಯುಲೇಶನ್ ಎಂದು ಹೆಸರು. ಗಾಳಿಯ ಪ್ರೋಗ್ರಾಮ್ ಕೊಟ್ಟ ಶಾಖದ ಅಂಕಿ ಲೋಹದ ಪ್ರೋಗ್ರಾಮ್‌ಗೆ ಹೋಗುತ್ತದೆ. ಅದು ಕೊಟ್ಟ ಹೊಸ ಆಕಾರ ಗಾಳಿಯ ಪ್ರೋಗ್ರಾಮ್‌ಗೆ ವಾಪಸ್ ಬರುತ್ತದೆ. ಅಂಗಡಿಯವರು ರಾತ್ರಿ ಲೆಕ್ಕ ತಾಳೆಯಾಗುವ ತನಕ ಎದ್ದೇಳುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಅಂಕಿಗಳು ಬದಲಾಗುವುದು ನಿಲ್ಲುವ ತನಕ ಈ ಕೊಡುಕೊಳ್ಳುವಿಕೆ ನಡೆಯುತ್ತಲೇ ಇರುತ್ತದೆ.

ಹಾಗಂತ ಕಂಪ್ಯೂಟರ್ ಒಂದೇ ಸಾಕಾಗುವುದಿಲ್ಲ. ಮೈಗೆ ಅಂಟಿ ನಯವಾಗಿ ಹರಿಯುವ ಗಾಳಿ ಯಾವ ಜಾಗದಲ್ಲಿ ಕದಡುತ್ತದೆ ಎಂದು ನಿಖರವಾಗಿ ಹೇಳುವುದು ಇವತ್ತಿಗೂ ಕಷ್ಟ. ಕದಡಿದ ಕಡೆ ಶಾಖ ಹಲವು ಪಟ್ಟು ಏರುತ್ತದೆ. ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ಹಾರಾಟದ ಎಲ್ಲ ಪರಿಸ್ಥಿತಿಯನ್ನೂ ಒಟ್ಟಿಗೆ ತರಲು ಆಗುವುದಿಲ್ಲ. ಆದ್ದರಿಂದ ಕೊನೆಗೆ ಹಾರಿಸಿಯೇ ನೋಡಬೇಕು.

ಭಾರತವೂ ಹಾರಿಸಿ ನೋಡಿದೆ. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒ ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಎಚ್‌ಎಸ್‌ಟಿಡಿವಿ ಎಂಬ ಮಾನವರಹಿತ ವಾಹನ ಹಾರಿಸಿತು. ರಾಕೆಟ್ ಅದನ್ನು 30 ಕಿ.ಮೀ. ಎತ್ತರಕ್ಕೆ ಒಯ್ದಿತು. ನಂತರ ಅದರ ಸ್ಕ್ರಾಮ್‌ಜೆಟ್ ಎಂಜಿನ್ ಶಬ್ದದ ಆರು ಪಟ್ಟು ವೇಗದಲ್ಲಿ 20 ಸೆಕೆಂಡಿಗೂ ಹೆಚ್ಚು ಹೊತ್ತು ಉರಿಯಿತು.

ಆ 20 ಸೆಕೆಂಡಿನ ಹಿಂದೆ ಇರುವುದು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್ ಬಲ್ಲವರು ಒಟ್ಟಿಗೆ ಕೂತು ಮಾಡಿದ ಕೆಲಸ. ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳು ಇದನ್ನು ಗಮನಿಸಬೇಕು. ತಮ್ಮ ವಿಷಯ ಚೆನ್ನಾಗಿ ಕಲಿಯಲಿ, ಜೊತೆಗೆ ಪಕ್ಕದವರ ವಿಷಯದ ಭಾಷೆಯೂ ಅರ್ಥವಾಗುವಷ್ಟು ಕಲಿಯಲಿ.