ಮಂಡಿಯ ಬಲ, ಮೈಯ ನಡೆ



ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತೀರಿ, ಅಲ್ಲವೇ? ನಮ್ಮ ಕಾಲನ್ನು ಮಾತ್ರ ಯಾರೂ ಹಾಗೆ ನೋಡಿಕೊಳ್ಳೋದಿಲ್ಲ.

ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರು ಏಳುವಾಗ ಮೈಭಾರವನ್ನು ಎತ್ತುವುದರಲ್ಲಿ ತೊಡೆಯ ಮುಂಭಾಗದ ಸ್ನಾಯುವಿನದೇ ದೊಡ್ಡ ಪಾಲು. ಅದರಲ್ಲಿ ನಾಲ್ಕು ಭಾಗಗಳಿವೆ. ನಾಲ್ಕೂ ಒಂದಾಗಿ, ಬಾವಿಯ ರಾಟೆ ಮೇಲೆ ಹಗ್ಗ ಹಾದಂತೆ ಮಂಡಿಚಿಪ್ಪಿನ ಮೇಲೆ ಹಾದು ಕೆಳಗಿನ ಮೂಳೆಗೆ ಸೇರುತ್ತವೆ. ಹೊರೆ ಹೊತ್ತು ಬದು ಇಳಿಯುವಾಗಲೂ ಇದೇ ಸ್ನಾಯು ಮೈಯನ್ನು ತಡೆದು ತಡೆದು ಇಳಿಸುತ್ತದೆ. ಅದು ಸೋತರೆ ಮಂಡಿ ಕುಸಿಯುತ್ತೆ. ನಾವು ಮಣ್ಣು ಜಾರಿತು ಅಂತೀವಿ.

ಹಾಗಂತ ಬಲ ಹೆಚ್ಚಿದಷ್ಟೂ ನಡಿಗೆ ಚುರುಕಾಗುತ್ತೆ ಅನ್ನೋಹಾಗಿಲ್ಲ. ಕಾಲುವೆ ತುಂಬ ನೀರು ಬರುತ್ತಿದ್ದರೆ ಇನ್ನೂ ದೊಡ್ಡ ಮೋಟಾರು ದಂಡ. ಮೋಟಾರೇ ಸಣ್ಣದಾದರೆ ನೀರು ಮೇಲಕ್ಕೇ ಬಾರದು. ಗಟ್ಟಿಮುಟ್ಟಾದವರಿಗೆ ಇನ್ನಷ್ಟು ಬಲ ಬಂದರೂ ನಡಿಗೆಯಲ್ಲಿ ವ್ಯತ್ಯಾಸ ಕಾಣದು. ಸೊರಗಿದವರಿಗೆ ಕೊಂಚ ಬಲ ಬಂದರೂ ಏಳುವುದು, ನಡೆಯುವುದು ಹಗುರಾಗುತ್ತದೆ. ಪ್ರಾಯದಲ್ಲಿ ಬಲ ಮಿಗಿಲಾಗಿರೋದರಿಂದ ಅದು ಕರಗುತ್ತಿರುವುದು ಗೊತ್ತೇ ಆಗೋದಿಲ್ಲ.

ನಮ್ಮ ಸೋದರತ್ತೆ ಮಂಡಿನೋವು ಅಂತ ಜಗಲಿ ಹಿಡಿದರು. "ನೀನು ಕೂತ್ಕೊ ಅತ್ತೆ" ಅಂತ ನಾವೇ ಕೂರಿಸಿದೆವು. ಕೂತಷ್ಟೂ ಸ್ನಾಯು ಸೊರಗಿತು, ನೋವೂ ತಗ್ಗಲಿಲ್ಲ. ವರ್ಷದೊಳಗೆ ಬಚ್ಚಲಿಗೆ ಹೋಗೋಕೂ ಒಬ್ಬರು ಕೈ ಹಿಡೀಬೇಕಾಯ್ತು. ಅದು ಉಪಕಾರವಲ್ಲ ಅನ್ನೋದು ನನಗೆ ತಡವಾಗಿ ತಿಳಿಯಿತು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. 17 ಅಂಗುಲ ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎರಡೂ ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಿ. 65ರಿಂದ 69ರ ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಸಾಲದು ಅಂತ ಲೆಕ್ಕ. ವಯಸ್ಸಾದವರ ಪಕ್ಕ ಒಬ್ಬರು ನಿಂತಿರಲಿ.

ಸಾಲದಿದ್ದರೆ ಆ ಪರೀಕ್ಷೆಯೇ ಸಾಧನೆ. ಅವಸರವಿಲ್ಲದೆ ಎದ್ದು, ಇನ್ನೂ ನಿಧಾನವಾಗಿ ಕೂರಿ, ಹತ್ತು ಸಲ. ಆಮೇಲೆ ಕೂತಲ್ಲೇ ಒಂದೊಂದು ಕಾಲನ್ನೂ ನೇರ ಚಾಚಿ ಐದು ಎಣಿಸೋತನಕ ಹಿಡಿದು ಇಳಿಸಿ. ದಿನ ಬಿಟ್ಟು ದಿನ ಮಾಡಿದರೆ ಸಾಕು. "ಹೊಲದಲ್ಲಿ ಕುಕ್ಕರಿಸೋದು ಸಾಲದೇ ಸಾರ್?" ಅಂತ ಕೇಳ್ತೀರಿ. ಗಂಟೆಗಟ್ಟಲೆ ಮಂಡಿ ಮಡಚಿ ಕೂತರೆ ಕೀಲಿಗೆ ಶ್ರಮವೇ ಹೆಚ್ಚು. ಸಾಲಿಗೊಮ್ಮೆ ಎದ್ದು ನಿಲ್ಲಿ.

ನಾನು ಬೇಸಾಯದ ಡಿಪ್ಲೊಮಾ ಓದಿದವನು, ಡಾಕ್ಟರಲ್ಲ. ಮಂಡಿ ಊದಿ ಬಿಸಿಯಾಗಿದ್ದರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ಆಸ್ಪತ್ರೆಗೆ ಹೋಗಿ ತೋರಿಸಿ.